ಊರ ಶಾಲೆ ಯಾರದು?

(ಮುನಿರಾಬಾದಿನಲ್ಲಿ ನೆರೆದ ಶಿಕ್ಷಕರ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಮುನಿರಾಬಾದಿಗೆ ಬಂದವನು ಮೊದಲು ಅಣೆಕಟ್ಟನ್ನು ನೋಡದೆ ಇರಲಾರನು. ನಾನೂ ಈ ಹೊತ್ತು ಮುಂಜಾನೆ ಅದನ್ನು ನೋಡಿಕೊಂಡೇ ಈ ಸಭೆಗೆ ಬಂದೆನು. 1945ನೆಯ ಇಸವಿ ಫೆಬ್ರುವರಿ 28ನೆಯ ದಿನ ಈ ಒಂದು ಅಣೆಗೆ ಎರಡು ಅಡಿಗಲ್ಲುಗಳು ಬಿದ್ದವು. ಎಡದಂಡೆಯಲ್ಲಿ ಹೈದರಾಬಾದ ಸಂಸ್ಥಾನದ ಪರವಾಗಿ ಬೀರಾರದ ರಾಜಕುಮಾರರು ಒಂದನ್ನಿಟ್ಟರು; ಬಲದಂಡೆಯಲ್ಲಿ ಮದ್ರಾಸ ಇಲಾಖೆಯ ಪರವಾಗಿ ಗವರ್ನರ ಆರ್ಥರ ಹೋಪರು ಇನ್ನೊಂದನ್ನಿಟ್ಟರು. ನದಿಯು ಒಂದು, ಎರಡು ದಂಡೆಯ ಜನರ ನುಡಿಯು ಒಂದು, ಹುಲಿಗೆಮ್ಮನ ಜಾತ್ರೆಗೆ ಎರಡೂ ಕಡೆಯ ಬಂಡಿಗಳು ಕೂಡಿ ಬರುತ್ತಿದ್ದವು. ಆದರೆ ಕಲ್ಲುಗಳು ಮಾತ್ರ ಎರಡು! ಕನ್ನಡನಾಡು ಹರಿದು ಹಂಚಿಹೋಗಿದ್ದ ಕಾಲದ ದುಃಖವನ್ನು ತಿಳಿಯಬೇಕೆನ್ನುವ ಹುಡುಗರಿಗೆ ಈ ಎರಡು ಕಲ್ಲುಗಳ ಕಥೆಯನ್ನು ಹೇಳಿದರೆ ಸಾಕು.

1953ರಲ್ಲಿ ಅಣೆಯು ಮುಗಿದು ನೀರು ಹರಿಯಿತು. 1956ರ ನವೆಂಬರ 1ರಂದು ಎರಡು ದಂಡೆಗಳೂ ಒಂದೇ ರಾಜ್ಯದಲ್ಲಿ ಸೇರಿದವು. ಹಿರಿಯರ ಹರಕೆ ಸಂದಿತು. ಆದರೆ ಆ ಹಿರಿಯರು ಏಕೀಕರಣವನ್ನು ಏತಕ್ಕೆ ಬೇಡಿದರು? ಭೂಪಟದ ಮೇಲೆ ಬಣ್ಣವೊಂದೇ ಆಗಲೆಂದು ಯಾರೂ ಸೆರೆಮನೆಗೆ ಹೋಗಲಿಲ್ಲ. ಕಚೇರಿಯಲ್ಲಿ ರೈತನಿಗೆ ತನ್ನ ಅರ್ಜಿಯನ್ನು ತಾನೇ ಓದಲಿಕ್ಕೆ ಬರಬೇಕು, ಶಾಲೆಯಲ್ಲಿ ಮಗುವಿಗೆ ತಾಯಿಯ ನುಡಿಯಲ್ಲಿ ಪಾಠವು ತಿಳಿಯಬೇಕು, ಇವೆರಡೇ ಆ ಬೇಡಿಕೆಯ ತಿರುಳಾಗಿದ್ದವು. ಕಚೇರಿಯ ಮಾತನ್ನು ಇನ್ನೊಮ್ಮೆ ಆಡೋಣ. ಈ ಹೊತ್ತು ಶಾಲೆಯ ಮಾತು. ಶಾಲೆಯು ಕನ್ನಡದ್ದಾದರೆ ಸಾಲದು, ಅದು ಊರಿನದೂ ಆಗಬೇಕು ಎಂಬುದೊಂದೇ ನನ್ನ ಬಿನ್ನಹ. ದೀಪಕ್ಕೆ ಎಣ್ಣೆಯನ್ನು ಸರಕಾರವು ಹಾಕಲಿ, ಅದು ಅದರ ಧರ್ಮ. ಬತ್ತಿಯನ್ನು ಹೊಸೆದು ದೀಪ ಆರದಂತೆ ಕಾಯುವ ಕೈ ಊರಿನದಾಗಿರಬೇಕು.

ಇದು ನಾನು ಕಟ್ಟಿದ ಹೊಸ ಮಾತಲ್ಲ. ಅಣೆಯ ಮೇಲೆ ನಿಂತರೆ ಆಚೆ ದಂಡೆಯಲ್ಲಿ ಕಾಣುವ ಹೊಸಪೇಟೆಯ ಸೀಮೆ ಎರಡು ನೂರು ವರ್ಷಗಳ ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮದ್ರಾಸ ಇಲಾಖೆಯ ಗವರ್ನರನಾಗಿದ್ದ ಥಾಮಸ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರರಿಗೂ ಒಂದು ಆಜ್ಞೆ ಕಳಿಸಿದನು: ನಿಮ್ಮ ಜಿಲ್ಲೆಯಲ್ಲಿ ಜನರು ತಾವೇ ನಡೆಸುವ ಶಾಲೆಗಳೆಷ್ಟು, ಕಲಿಯುವವರೆಷ್ಟು, ಲೆಕ್ಕ ಕೊಡಿರಿ ಎಂದು. ಬಳ್ಳಾರಿಯ ಕಲೆಕ್ಟರ ಕ್ಯಾಂಬೆಲ್ಲನು 1823ರ ಆಗಸ್ಟ 17ರಂದು ಬರೆದ ವರದಿಯು ಇಂದಿಗೂ ಓದತಕ್ಕದ್ದಾಗಿದೆ. ಆಗ ಆ ಜಿಲ್ಲೆಯಲ್ಲಿ ಶಾಲೆಗಳು 533. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಮರಾಠಿಯವು 23, ಸಂಸ್ಕೃತದವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಕಲಿಯುವವರು ಒಟ್ಟು 6,641.

ಬಂಧುಗಳೆ, ಈ 533 ಶಾಲೆಗಳನ್ನು ನಡೆಸಲು ಶಿಕ್ಷಣ ಖಾತೆ ಎಂಬುದು ಇರಲಿಲ್ಲ. ಐಗಳ ಮಠದಲ್ಲೋ, ಗುಡಿಯ ಪೌಳಿಯಲ್ಲೋ, ಗೌಡರ ಪಡಸಾಲೆಯಲ್ಲೋ ಮಕ್ಕಳು ಕೂಡುತ್ತಿದ್ದರು. ಐದು ವರ್ಷ ತುಂಬಿದ ಹುಡುಗನ ಕೈ ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯಿಸುತ್ತಿದ್ದರು, ಬಳಿಕ ಮರಳಿನ ಮೇಲೆ ತಿದ್ದಿಸುತ್ತಿದ್ದರು. ಮುಂದಿನ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ಪಾಲಕರು ತಮ್ಮ ತಮ್ಮ ಶಕ್ತಿಯಂತೆ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿಯವರೆಗೆ ಗುರುವಿಗೆ ಕೊಡುತ್ತಿದ್ದರು. ಅಷ್ಟು ಕಡಿಮೆ ವೆಚ್ಚದಲ್ಲಿ ಬರೆಯಲು ಕಲಿಸುವ ರೀತಿಯನ್ನೂ, ಜಾಣ ಹುಡುಗರಿಂದ ಉಳಿದವರಿಗೆ ಕಲಿಸುವ ಏರ್ಪಾಡನ್ನೂ ಕ್ಯಾಂಬೆಲ್ಲನೇ ಮೆಚ್ಚಿ ಬರೆದಿರುವನು.

ಆದರೆ ಆ ವರದಿಯಲ್ಲಿ ಎರಡು ಕಹಿ ಮಾತುಗಳಿವೆ. ಅವನ್ನು ನುಂಗಿ ಹಾಕಿ ಬರಿಯ ಹೊಗಳಿಕೆಯನ್ನು ತಮಗೆ ಉಣಬಡಿಸಿದರೆ ನಾನು ಸತ್ಯಕ್ಕೆ ತಪ್ಪಿದಂತಾಗುವುದು.

ಮೊದಲನೆಯದು, ಆಗಲೇ ಶಾಲೆಗಳು ಮುರಿಯುತ್ತಿದ್ದವು. ವಿಲಾಯತಿಯ ಬಟ್ಟೆ ಬಂದು ನೇಕಾರನ ಮಗ್ಗವು ಸ್ತಬ್ಧವಾಯಿತು. ನಾಡಿನ ಹಣ ನಾಡಿನಲ್ಲಿ ನಿಲ್ಲದಾಯಿತು. ಹಿಂದಿನ ಅರಸರು ವಿದ್ಯೆಗೆ ಕೊಡುತ್ತಿದ್ದ ಆಶ್ರಯವು ತಪ್ಪಿತು. ಮೊದಲು ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಒಂದೂ ಇಲ್ಲವೆಂದು ಆತನೇ ಒಪ್ಪಿಕೊಂಡಿರುವನು. ಪ್ರಭುತ್ವದ ಪ್ರೋತ್ಸಾಹವಿಲ್ಲದೆ ವಿದ್ಯೆಯು ಯಾವ ದೇಶದಲ್ಲಿಯೂ ಬೆಳೆಯಲಿಲ್ಲವೆಂಬುದು ಅವನ ಅಭಿಪ್ರಾಯ. ಬಡವಾದ ಊರು ಬರಿಗೈಯಿಂದ ಶಾಲೆಯನ್ನು ನಡೆಸಲಾರದು. ಆದುದರಿಂದ 'ಊರಿನ ಶಾಲೆ' ಎಂಬ ಮಾತನ್ನು ಹಿಡಿದುಕೊಂಡು ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುವುದನ್ನು ನಾವು ಎಂದಿಗೂ ಒಪ್ಪಲಾಗದು.

ಎರಡನೆಯದು ಇದಕ್ಕಿಂತಲೂ ಕಹಿ. ಆ 6,641 ಮಕ್ಕಳಲ್ಲಿ ಹುಡುಗಿಯರು ಎಷ್ಟು ಬಲ್ಲಿರಾ? 60! ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಊರು ಶಾಲೆಯನ್ನು ನಡೆಸಿತು, ನಿಜ. ಆದರೆ ಊರೆಂದರೆ ಯಾರು? ಹೊಲೆಗೇರಿಯು ಊರಿನಲ್ಲಿ ಸೇರಿತ್ತೆ? ಅಡಿಗೆಮನೆಯು ಸೇರಿತ್ತೆ? ನಮ್ಮ ಹಿರಿಯರ ಊರ ಶಾಲೆಯನ್ನು ನೆನೆದು ನಾವು ಹೆಮ್ಮೆಪಡುವಾಗ, ಆ ಶಾಲೆಯ ಹೊಸ್ತಿಲ ಹೊರಗೆ ನಿಂತವರನ್ನೂ ನೆನೆಯಬೇಕು. ಊರಿನ ಕೈಗೆ ಶಾಲೆಯನ್ನು ಕೊಡುವುದೆಂದರೆ ನಾಲ್ಕು ಮಂದಿ ಮುಖಂಡರ ಕೈಗೆ ಕೊಡುವುದೆಂದಾದರೆ ಆ ಏರ್ಪಾಡು ನಮಗೆ ಬೇಡ.

ಇನ್ನು ಈಚೆ ದಂಡೆಗೆ ಬರೋಣ. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿನಲ್ಲಿದ್ದವು. ನಮ್ಮ ಅಜ್ಜಂದಿರು ಈ ಸೀಮೆಯನ್ನು 'ಮೊಗಲಾಯಿ' ಎನ್ನುತ್ತಿದ್ದರು. ಸಂಸ್ಥಾನದ ಜನರಲ್ಲಿ ಬಹುಭಾಗವು ತೆಲುಗು, ಮರಾಠಿ, ಕನ್ನಡ ಆಡುವವರು. ಆದರೆ ಆಡಳಿತದ ನುಡಿ ಉರ್ದು, ಹೈಸ್ಕೂಲಿನ ನುಡಿ ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ನುಡಿಯೂ ಉರ್ದು. ಪರದೇಶದ ಇಂಗ್ಲಿಷನ್ನು ಬಿಟ್ಟು ಈ ದೇಶದ ನುಡಿಯೊಂದರಲ್ಲಿ ಎತ್ತರದ ವಿದ್ಯೆಯನ್ನು ಕಲಿಸಿ ತೋರಿಸಿದ ಸಾಹಸವು ಆ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ, ಅದನ್ನು ಮರೆಯಬಾರದು. ಉರ್ದು ಚೆಲುವಾದ ನುಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಕುಷ್ಟಗಿಯ ಒಕ್ಕಲಿಗನ ಮಗನಿಗೆ ಅದು ತಾಯಿನುಡಿಯಾಗಿರಲಿಲ್ಲ. ನಾಲ್ಕು ಇಯತ್ತೆ ಕನ್ನಡದಲ್ಲಿ ಕಲಿತವನು ಮುಂದೆ ಹೋಗಬೇಕಾದರೆ ಹೊಸ ಲಿಪಿ, ಹೊಸ ಶಬ್ದ, ಹೊಸ ಲೋಕ. ಹಲವರು ಅಲ್ಲಿಗೇ ನಿಂತುಬಿಟ್ಟರು.

ಆಗ ಜನರು ಏನು ಮಾಡಿದರು? ತಾವೇ ಶಾಲೆ ಕಟ್ಟಿದರು. ಕಲಬುರ್ಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ತಲೆಯೆತ್ತಿತು. 1920ರ ಸುಮಾರಿಗೆ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ ಶಾಲೆಯನ್ನು ತೆರೆದರು. ಮಂಗಳೂರ ಕಡೆಯವರಾದ ತಾರಾನಾಥರು ವೈದ್ಯವನ್ನು ಕಲಿಯಲು ಹೈದರಾಬಾದಿಗೆ ಬಂದವರು. ಬಂದವರು ಈ ಬಿಸಿಲ ನಾಡಿನ ಮಕ್ಕಳಿಗೆ ತಮ್ಮನ್ನು ತೆತ್ತುಕೊಂಡರು. ಶಾಲೆಯ ಹೆಸರನ್ನೇ ನೋಡಿರಿ. ಹಮ್‌ದರ್ದ ಎಂದರೆ ನೋವಿನಲ್ಲಿ ಪಾಲುಗಾರ. ಕನ್ನಡದ ಮಕ್ಕಳ ಶಾಲೆಗೆ ಉರ್ದು ಹೆಸರು! ಹಿಂದೂ ಮುಸಲ್ಮಾನರ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಕಲಿಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ನಮ್ಮ ಜಗಳವು ನುಡಿಯೊಂದರ ಮೇಲಲ್ಲ, ಮಗುವಿನ ಬಾಯಿ ಕಟ್ಟುವ ಆಡಳಿತದ ಮೇಲೆ ಎಂಬುದನ್ನು ಆ ಹೆಸರೇ ಸಾರುತ್ತದೆ. ಸಂಸ್ಥಾನದ ಅಧಿಕಾರಿಗಳಿಗೆ ಈ ಶಾಲೆಯು ಸರಿಬರಲಿಲ್ಲ. ಕೊನೆಗೆ ತಾರಾನಾಥರು ನದಿಯನ್ನು ದಾಟಿ ಬ್ರಿಟಿಷ ಸೀಮೆಯಲ್ಲಿ, ಇದೇ ತುಂಗಭದ್ರೆಯ ದಡದಲ್ಲಿ, ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು.

ನಮ್ಮದೇ ಜಿಲ್ಲೆಯ ಕುಕನೂರನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿಯ ವಿದ್ಯಾನಂದ ಗುರುಕುಲವು ಅದೇ ದಶಕದ ಕೂಸು. ಪುಸ್ತಕದ ಪಾಠದೊಡನೆ ಶಿಸ್ತು, ಸರಳ ಜೀವನ, ನಾಡಿನ ಅಭಿಮಾನಗಳನ್ನು ಅಲ್ಲಿ ಕಲಿಸಿದರು. ಮರಾಠವಾಡದ ಹಿಪ್ಪರಗಿಯ ರಾಷ್ಟ್ರೀಯ ಶಾಲೆಗೆ ಸಿಂದಗಿಯಲ್ಲಿ ಹುಟ್ಟಿದ ತರುಣರೊಬ್ಬರು 1929ರಲ್ಲಿ ಮುಖ್ಯಾಧ್ಯಾಪಕರಾಗಿ ಹೋದರು; 1932ರಲ್ಲಿ ಸಂನ್ಯಾಸ ತಕ್ಕೊಂಡರು. ಅವರೇ ಮುಂದೆ ಹೈದರಾಬಾದ ಸ್ಟೇಟ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಾಮಾನಂದ ತೀರ್ಥರು. ಸಂಸ್ಥಾನದ ವಿಮೋಚನೆಯ ದಂಡನಾಯಕನು ಒಬ್ಬ ಸಾಲಿ ಮಾಸ್ತರನಾಗಿದ್ದನೆಂಬುದನ್ನು ಇಲ್ಲಿ ಕುಳಿತ ಗುರುಬಂಧುಗಳು ಎದೆ ಮುಟ್ಟಿಕೊಂಡು ನೆನೆಯಬೇಕು.

ಆ ಕಾಲದಲ್ಲಿ ಶಾಲೆ ತೆರೆಯುವುದು ಸುಲಭದ ಮಾತಾಗಿರಲಿಲ್ಲ. ಖಾಸಗಿ ಶಾಲೆಗೆ ಅಪ್ಪಣೆ ಬೇಕು. ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ 53ನೆಯ ಗಸ್ತಿಯ ಅಡ್ಡಿ. ಮಾಸ್ತರರಿಗೆ ಸರಿಯಾದ ಸಂಬಳವಿಲ್ಲ, ಕಲಿತ ಹುಡುಗನಿಗೆ ನೌಕರಿಯ ಭರವಸೆಯಿಲ್ಲ. ಆದರೂ ಜನರು ಜೋಳದ ಚೀಲ ಕೊಟ್ಟರು, ಮನೆಯ ಮೇಲಟ್ಟವನ್ನು ಬಿಟ್ಟುಕೊಟ್ಟರು, ತಮ್ಮ ಮಕ್ಕಳನ್ನು ಕೊಟ್ಟರು. ಇಂಥ ಜಾಗ್ರತಿಯು ಮೊದಲೇ ಬಿತ್ತಿದ್ದರಿಂದಲೇ 1947-48ರಲ್ಲಿ ಗಡಿಯಾಚೆಯ ಮುಂಡರಗಿಯ ಶಿಬಿರದಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಬೆನ್ನಿಗೆ ನಿಲ್ಲಲು ತರುಣರು ಸಿಕ್ಕರು. 1948ರ ಸಪ್ಟೆಂಬರ 17ರಂದು ನಿಜಾಮಶಾಹಿಯು ಮುಗಿಯಿತು. ದಂಡು ಬಂದು ಬಿಡಿಸಿತೆಂಬುದು ದಿಟ. ಆದರೆ ಬಿಡುಗಡೆಯನ್ನು ಬಯಸುವ ಮನಸ್ಸನ್ನು ಬೆಳೆಸಿದ್ದು ಸಾಲಿ.

ಹೊರಗಿನ ಜಗತ್ತಿನಲ್ಲಿಯೂ ಇದಕ್ಕೆ ಒಂದು ಜೋಡಿಯುಂಟು. ಡೆನ್ಮಾರ್ಕವೆಂಬುದು ಯುರೋಪಿನ ಒಂದು ಸಣ್ಣ ನಾಡು. ಅದರ ದಕ್ಷಿಣದ ಗಡಿಯಲ್ಲಿ ಜರ್ಮನ ನುಡಿಯು ಡೇನರ ನುಡಿಯನ್ನು ಒತ್ತುತ್ತಿದ್ದಾಗ, 1844ರಲ್ಲಿ ರೊಡಿಂಗ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ಮೊದಲ ಜಾನಪದ ವಿದ್ಯಾಲಯವು ತೆರೆಯಿತು. ಗ್ರುಂಟ್ವಿಗ ಎಂಬ ಪಾದ್ರಿಯ ವಿಚಾರಗಳೇ ಅದಕ್ಕೆ ಮೂಲ: ಪರೀಕ್ಷೆಗಾಗಿ ಕಲಿಕೆಯಲ್ಲ, ಬದುಕಿಗಾಗಿ ಕಲಿಕೆ. ಅಲ್ಲಿಯ ಪಾಲಕರು ತಾವೇ ಕೂಡಿ ಶಾಲೆ ತೆರೆಯಬಹುದು. ವೆಚ್ಚದ ದೊಡ್ಡ ಪಾಲನ್ನು ಸರಕಾರ ಕೊಡುತ್ತದೆ. ನಮ್ಮಲ್ಲಿ ಗಾಂಧೀಜಿಯವರು 1937ರಲ್ಲಿ ವರ್ಧೆಯಲ್ಲಿ ಮುಂದಿಟ್ಟ ನಯೀ ತಾಲೀಮಿನ ತಿರುಳೂ ಇದಕ್ಕೆ ದೂರವಾದುದಲ್ಲ. ತಾಯಿನುಡಿಯಲ್ಲಿ, ಕೈಕಸುಬಿನ ಮೂಲಕ, ಊರಿನ ಬದುಕಿಗೆ ಹೊಂದಿ ಕಲಿಯಬೇಕೆಂದರು. ಅದರ ಯೋಜನೆಯನ್ನು ಬರೆದ ಸಮಿತಿಯ ಅಧ್ಯಕ್ಷರಾದ ಜಾಕಿರ ಹುಸೇನರು ಹುಟ್ಟಿದ್ದು ಹೈದರಾಬಾದಿನಲ್ಲಿ.

ಹೀಗಿರಲು ಏಕೀಕರಣದ ನಂತರ ಏನಾಯಿತು? ಉಪಕಾರವನ್ನು ಮೊದಲು ನೆನೆಯೋಣ. ಶಾಲೆಯು ಓಣಿ ಓಣಿಗೆ ಬಂದಿತು. ಮಾಸ್ತರರಿಗೆ ತಿಂಗಳು ತಿಂಗಳು ಪಗಾರವಾಯಿತು. ಹೊಸ್ತಿಲ ಹೊರಗಿದ್ದ ಮಗುವನ್ನು ಕಾಯದೆಯು ಕೈಹಿಡಿದು ಒಳಗೆ ಕೂಡಿಸಿತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಬಂದುದು ನಮ್ಮ ಈ ಈಶಾನ್ಯ ಭಾಗದ ಜಿಲ್ಲೆಗಳಿಗೇ. ಐಗಳ ಮಠದಿಂದ ಆಗದ ಕೆಲಸವನ್ನು ಸರಕಾರವು ಮಾಡಿತು. ಇಷ್ಟಾದರೂ 2011ರ ಖಾನೇಸುಮಾರಿಯಲ್ಲಿ ಕೊಪ್ಪಳ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 68, ಇಡೀ ರಾಜ್ಯದಲ್ಲಿ 75. ನಮ್ಮ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಈ ಹಿಂದುಳಿಕೆಯನ್ನು ನೋಡಿಯೇ ಸಂವಿಧಾನಕ್ಕೆ 371(ಜೆ) ಕಲಮು ಸೇರಿತು. 2013ರಿಂದ ಈ ಭಾಗಕ್ಕೆ ವಿಶೇಷ ಸೌಲಭ್ಯಗಳು ಬಂದವು. ಹಣವು ಬಂದಿತು, ಕಟ್ಟಡಗಳೂ ಬಂದವು.

ಆದರೆ ಒಂದು ಹೋಯಿತು. 'ನಮ್ಮ ಸಾಲಿ' ಎನ್ನುತ್ತಿದ್ದ ಊರು 'ಸರಕಾರಿ ಸಾಲಿ' ಎನ್ನಹತ್ತಿತು. ಹಂಚು ಒಡೆದರೆ ಸರಕಾರ, ಗಿಡ ಒಣಗಿದರೆ ಸರಕಾರ, ಮಾಸ್ತರರು ಬರದಿದ್ದರೆ ಸರಕಾರ. ಪರಾಧೀನ ಕಾಲದಲ್ಲಿ ಅಪ್ಪಣೆಯಿಲ್ಲದೆ ಶಾಲೆ ಕಟ್ಟಿದ ಜನರು, ಸ್ವರಾಜ್ಯ ಬಂದ ಮೇಲೆ ಕಟ್ಟಿದ ಶಾಲೆಯತ್ತ ತಿರುಗಿಯೂ ನೋಡದಾದರು. ಇದಕ್ಕಿಂತ ವಿಪರೀತವು ಇನ್ನೇನಿದೆ?

ಕಾಯದೆಯು ನಮ್ಮನ್ನು ಕೈಬಿಟ್ಟಿಲ್ಲ. ಡಾಕ್ಟರ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ 2001ರ ಏಪ್ರಿಲದಲ್ಲಿ ಕರ್ನಾಟಕ ಸರಕಾರವು ಪ್ರತಿಯೊಂದು ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಮಾಡಿತು. 2010ರ ಏಪ್ರಿಲ 1ರಿಂದ ದೇಶಕ್ಕೆಲ್ಲ ಜಾರಿಯಾದ ಶಿಕ್ಷಣದ ಹಕ್ಕಿನ ಕಾಯದೆಯ 21ನೆಯ ಕಲಮು ಅದನ್ನೇ ಬಲಪಡಿಸಿತು. ಆ ಕಲಮು ಏನನ್ನುತ್ತದೆ? ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಆ ಶಾಲೆಯ ಮಕ್ಕಳ ತಂದೆ, ತಾಯಿ ಅಥವಾ ಪೋಷಕರೇ ಇರಬೇಕು. ದುರ್ಬಲ ವರ್ಗದ ಪಾಲಕರಿಗೆ ಅವರ ಪ್ರಮಾಣದಂತೆ ಸ್ಥಾನವಿರಬೇಕು. ಸದಸ್ಯರಲ್ಲಿ ಅರ್ಧ ಮಂದಿ ಹೆಂಗಸರಿರಬೇಕು. ಶಾಲೆಯ ನಡೆಯನ್ನು ನೋಡುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣದ ವಿನಿಯೋಗವನ್ನು ಪರೀಕ್ಷಿಸುವುದು, ಇವು ಅದರ ಅಧಿಕಾರ. 1823ರ 'ಊರಿ'ನಲ್ಲಿದ್ದ ಕೊರತೆಯನ್ನು ಈ ಕಲಮು ತುಂಬಿದೆ. 60 ಹುಡುಗಿಯರಿದ್ದ ಶಾಲೆಗಳ ನಾಡಿನಲ್ಲಿ ಈಗ ತಾಯಂದಿರು ಶಾಲೆಯ ಅರ್ಧ ಒಡೆತನಕ್ಕೆ ಹಕ್ಕುಳ್ಳವರು!

ಆದರೆ ಕಾಗದದ ಹಕ್ಕು ಬಾಯಿಗೆ ಬಂದ ತುತ್ತಲ್ಲ. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ, ಊರ ಹೆಸರು ಬೇಡ, ನಾನು ಸಮಿತಿಯ ಸದಸ್ಯೆಯೊಬ್ಬಳನ್ನು ಕಂಡೆನು. "ಅವ್ವಾ, ಸಭೆಯಲ್ಲಿ ಏನು ಮಾತಾಡಿದಿರಿ?" ಎಂದು ಕೇಳಿದೆ. ಆಕೆ ನಕ್ಕು, "ಸಭಾ ಎಲ್ಲಿ ಆಗ್ಯಾದೋ ಯಪ್ಪಾ? ಹೊಲದಾಗ ಕಳೇ ತೆಗಿಯೋ ಮುಂದ ಪುಸ್ತಕ ತಂದ್ರು, ಹೆಬ್ಬೆಟ್ಟು ಒತ್ತಿದೆ" ಎಂದಳು. ಬಂಧುಗಳೆ, ಆ ಹೆಬ್ಬೆಟ್ಟಿನ ಕೆಳಗೆ ಒಂದು ವರ್ಷದ ಲೆಕ್ಕವಿತ್ತು, ಮಕ್ಕಳ ಊಟವಿತ್ತು, ಕಟ್ಟಡದ ದುರಸ್ತಿಯಿತ್ತು. ಆಕೆಯ ಮಗಳು ಅದೇ ಶಾಲೆಯ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಆ ಪುಟವನ್ನು ತಾಯಿಗೆ ಓದಿ ಹೇಳುವ ಶಕ್ತಿ ಮಗಳಿಗಿತ್ತು, ಕೇಳುವ ಹಕ್ಕು ತಾಯಿಗಿತ್ತು. ನಡುವೆ ಅದನ್ನು ಓದಿಸುವವರು ಯಾರೂ ಇರಲಿಲ್ಲ.

ಮೂರು ಆಕ್ಷೇಪಗಳು ಬರುತ್ತವೆ. ಒಂದೊಂದನ್ನಾಗಿ ನೋಡೋಣ.

"ಓದು ಬಾರದ ಪಾಲಕರಿಗೆ ಶಾಲೆಯ ಆಡಳಿತವೇನು ತಿಳಿದೀತು?" ಎನ್ನುವರು. ರೈತನಿಗೆ ಇಂಜಿನಿಯರರ ಗಣಿತ ತಿಳಿಯದು. ಆದರೆ ಕಾಲುವೆಯಲ್ಲಿ ನೀರು ಬಂದಿತೋ ಇಲ್ಲವೋ ಎಂಬುದು ಅವನಿಗೆ ಗೊತ್ತು. ಬಾಗಿಲು ಎಷ್ಟು ಗಂಟೆಗೆ ತೆರೆಯಿತು, ಬೇಳೆಯಲ್ಲಿ ಬೇಳೆ ಇತ್ತೋ ಬರೀ ನೀರಿತ್ತೋ, ಮೂರು ವರ್ಷ ಹೋದ ಮಗ ತನ್ನ ಹೆಸರನ್ನು ಬರೆಯಬಲ್ಲನೋ ಇಲ್ಲವೋ, ಇವನ್ನು ತಿಳಿಯಲು ಪದವಿ ಬೇಡ.

"ಸಮಿತಿ ಎಂದರೆ ಊರ ರಾಜಕಾರಣ, ಮಾಸ್ತರರಿಗೆ ಕಿರುಕುಳ" ಎಂದು ಗುರುಬಂಧುಗಳು ಗುಟ್ಟಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಪಂಚಾಯತಿಯ ಚುನಾವಣೆಯ ಹಗೆತನವನ್ನು ಶಾಲೆಯ ಅಂಗಳಕ್ಕೆ ತರುವವರಿದ್ದಾರೆ. ಆದರೆ ಕೆಲವೇ ಜನರು ಬರುವ ಸಭೆಯಲ್ಲಿ ಮಾತ್ರ ಅಂಥವರ ಆಟ ನಡೆಯುತ್ತದೆ. ನೂರು ತಾಯಂದಿರು ಕುಳಿತ ಸಭೆಯಲ್ಲಿ ಒಬ್ಬ ಪುಢಾರಿಯ ಧ್ವನಿಯು ತಾನೇ ತಗ್ಗುತ್ತದೆ. ಮಾಸ್ತರರಿಗೆ ನಿಜವಾದ ಕಾವಲು ಪಾಲಕರ ವಿಶ್ವಾಸ. ಶಿಕ್ಷಕರನ್ನು ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವಿಷ್ಟನ್ನು ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಅದೇ ಕಾಯದೆಯ 27ನೆಯ ಕಲಮು ಹೇಳುತ್ತದೆ. ಆ ಮಾತನ್ನು ಮಾಸ್ತರರು ಒಬ್ಬರೇ ಆಡಿದರೆ ಉದ್ಧಟತನವೆನಿಸೀತು. ಪಾಲಕರ ಸಭೆಯು ಠರಾವು ಮಾಡಿ ಕಳಿಸಿದರೆ ಮೇಲಿನವರು ಓದಲೇಬೇಕು.

ಮೂರನೆಯದು ಎಲ್ಲಕ್ಕೂ ಗಟ್ಟಿ. "ಈಗ ಕನ್ನಡ ಶಾಲೆ ಯಾರಿಗೆ ಬೇಕು? ಹಳದಿ ಬಸ್ಸು ಬಂದು ಮಕ್ಕಳನ್ನು ಇಂಗ್ಲಿಷ ಶಾಲೆಗೆ ಒಯ್ಯುತ್ತದೆ" ಎನ್ನುವರು. ಆ ಬಸ್ಸಿಗೆ ಮಗುವನ್ನು ಹತ್ತಿಸುವ ತಂದೆಯನ್ನು ನಾನು ಬಯ್ಯಲಾರೆ. ತನಗೆ ಸಿಗದ ಮಾನವು ಮಗನಿಗಾದರೂ ಸಿಗಲೆಂಬುದು ಅವನ ಆಸೆ. ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪು ಕೊಟ್ಟಿತು. 2019ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ ಮಾಧ್ಯಮದ ತರಗತಿಗಳನ್ನು ತೆರೆಯಿತು. ಇನ್ನು ಕನ್ನಡ ಶಾಲೆಯನ್ನು ಆಜ್ಞೆಯಿಂದ ಉಳಿಸಲಾಗದು; ಅದು ತನ್ನ ಒಳ್ಳೆಯತನದಿಂದಲೇ ಉಳಿಯಬೇಕು. ಆದರೆ ತಂದೆಯು ಒಂದನ್ನು ವಿಚಾರಿಸಲಿ. ಅರ್ಥವಾಗದ ನುಡಿಯಲ್ಲಿ ಪಾಠವನ್ನು ಬಾಯಿಪಾಠ ಮಾಡುವ ಮಗು, ನಿಜಾಮನ ಕಾಲದಲ್ಲಿ ನಾಲ್ಕನೆಯ ಇಯತ್ತೆಗೆ ನಿಂತುಬಿಟ್ಟ ನಮ್ಮ ಅಜ್ಜನಿಗಿಂತ ಬೇರೆಯೆ? ಆಗ ಪರನುಡಿಯನ್ನು ಅರಸನು ಹೇರಿದನು, ಈಗ ನಾವೇ ಹಣ ಕೊಟ್ಟು ಕೊಳ್ಳುತ್ತಿದ್ದೇವೆ. ಇಂಗ್ಲಿಷು ಬೇಕು, ಅದನ್ನು ನುಡಿಯಾಗಿ ಚೆನ್ನಾಗಿ ಕಲಿಸೋಣ, ಗಣಿತವನ್ನೂ ವಿಜ್ಞಾನವನ್ನೂ ತಿಳಿಯುವ ನುಡಿಯಲ್ಲಿ ತಿಳಿಸೋಣ. ಇನ್ನೊಂದು ಮಾತು: ಪ್ರತಿ ವರ್ಷ ಸುಂಕ ತೆತ್ತರೂ ಆ ಖಾಸಗಿ ಶಾಲೆಯ ಲೆಕ್ಕ ಕೇಳಲು ತಂದೆಗೆ ಅಧಿಕಾರವಿಲ್ಲ, 21ನೆಯ ಕಲಮು ಅನುದಾನವಿಲ್ಲದ ಶಾಲೆಗೆ ಅನ್ವಯಿಸುವುದಿಲ್ಲ. ಅಲ್ಲಿ ಆತ ಗಿರಾಕಿ. ಊರ ಶಾಲೆಯಲ್ಲಿ ಆತ ಒಡೆಯ.

ಹಾಗಾದರೆ ನಾವು ಮಾಡತಕ್ಕದ್ದೇನು? ದೊಡ್ಡ ಯೋಜನೆಗಳನ್ನು ನಾನು ಹೇಳುವುದಿಲ್ಲ. ನಾಳೆಯೇ ತೊಡಗಬಹುದಾದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಸಭೆಯನ್ನು ದುಡಿಯುವವರ ವೇಳೆಗೆ ಕರೆಯಿರಿ. ಮುಂಜಾನೆ ಹನ್ನೊಂದಕ್ಕೆ ಕರೆದು ಪಾಲಕರು ಬರಲಿಲ್ಲವೆಂದರೆ ತಪ್ಪು ಕರೆದವರದು. ಅಮವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ತಿಂಗಳಿಗೊಂದು ಅಮವಾಸ್ಯೆಯ ಸಂಜೆ ಶಾಲೆಯ ಅಂಗಳದಲ್ಲಿ ಕೂಡೋಣ. ತಾಯಂದಿರು ಮುಂದಿನ ಸಾಲಿನಲ್ಲಿ ಕೂಡಲಿ.

ಎರಡನೆಯದು, ಲೆಕ್ಕವನ್ನು ಓದಿರಿ. ಬಂದುದೆಷ್ಟು, ಹೋದುದೆಷ್ಟು ಎಂಬುದನ್ನು ಏಳನೆಯ ಇಯತ್ತೆಯ ಒಬ್ಬ ಹುಡುಗಿಯು ಸಭೆಯಲ್ಲಿ ಗಟ್ಟಿಯಾಗಿ ಓದಲಿ; ಬಳಿಕ ಅದನ್ನು ಗೋಡೆಯ ಹಲಗೆಯ ಮೇಲೆ ಬರೆಯಲಿ. ಮಗುವಿಗೆ ಗಣಿತವೂ ಆಯಿತು, ಊರಿಗೆ ನ್ಯಾಯವೂ ಆಯಿತು. ಓದಿ ಕೇಳುವವರೆಗೆ ಯಾವ ತಾಯಿಯೂ ಹೆಬ್ಬೆಟ್ಟು ಒತ್ತದಿರಲಿ.

ಮೂರನೆಯದು, ಗುಳೆ. ಗಂಗಾವತಿಯ ಕಡೆಗೆ ಈ ಅಣೆಯ ನೀರು ಹರಿದು ಭತ್ತ ಬೆಳೆಯಿತು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಹಳ್ಳಿಗಳಿಂದ ಜನರು ಬೆಂಗಳೂರು, ಮಂಗಳೂರು, ಗೋವೆಗಳಿಗೆ ದುಡಿಯಲು ಹೋಗುತ್ತಾರೆ. ಹೋಗುವಾಗ ಮಕ್ಕಳನ್ನೂ ಒಯ್ಯುತ್ತಾರೆ. ಹಾಜರಿಪಟ್ಟಿಯಲ್ಲಿ ಆ ಮಗುವಿನ ಹೆಸರಿದ್ದೀತು, ಮಗು ಮಾತ್ರ ಇಟ್ಟಿಗೆಯ ರಾಶಿಯ ಬದಿಗೆ ತಮ್ಮನನ್ನು ಆಡಿಸುತ್ತ ಕುಳಿತೀತು. ಯಾವ ಮನೆ ಯಾವಾಗ ಗುಳೆ ಹೊರಡುತ್ತದೆಂಬುದು ಅಧಿಕಾರಿಗೆ ತಿಳಿಯದು, ಓಣಿಯವರಿಗೆ ತಿಳಿಯುತ್ತದೆ. ಅಜ್ಜಿಯ ಬಳಿಯೋ, ನೆರೆಮನೆಯಲ್ಲೋ, ವಸತಿಗೃಹದಲ್ಲೋ ಆ ಮಗುವನ್ನು ಉಳಿಸಿಕೊಳ್ಳುವ ಹೊಣೆಯನ್ನು ಸಮಿತಿ ಹೊರಲಿ. ಅನ್ನ ಕೊಟ್ಟು ಓದಿಸುವುದು ನಮಗೆ ಹೊಸತಲ್ಲ. ಕೊಪ್ಪಳದ ಗವಿಮಠವು ಸಾವಿರಾರು ವಿದ್ಯಾರ್ಥಿಗಳಿಗೆ ಉಚಿತವಾಗಿ ಅನ್ನ, ವಸತಿಗಳನ್ನು ಕೊಡುತ್ತಿದೆ. ಮಠವು ಸಾವಿರ ಮಕ್ಕಳನ್ನು ಸಾಕಿದರೆ ಊರು ಹತ್ತು ಮಕ್ಕಳನ್ನು ಸಾಕಲಾರದೆ?

ನಾಲ್ಕನೆಯದು, ಊರನ್ನೇ ಪಾಠ ಮಾಡಿರಿ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಇಟಗಿಯ ಮಹಾದೇವ ದೇವಾಲಯವಿದೆ. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಬೊಂಬೆಗಳನ್ನು ಮಾಡಿ ಬಣ್ಣ ಹಚ್ಚುತ್ತಾರೆ. ಕಾಲುವೆಯ ನೀರಗಂಟಿ, ಕಿನ್ನಾಳದ ಕುಶಲಿ, ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ, ಇವರೆಲ್ಲರೂ ತಿಂಗಳಿಗೊಮ್ಮೆ ಶಾಲೆಗೆ ಬಂದು ಒಂದು ತಾಸು ಗುರುಗಳಾಗಲಿ. ಪಠ್ಯಪುಸ್ತಕಕ್ಕೆ ಇದರಿಂದ ಕುಂದಿಲ್ಲ, ಅದಕ್ಕೆ ಜೀವ ಬಂದೀತು. ತನ್ನ ಊರಿಗೆ ಮಾನವುಂಟೆಂದು ತಿಳಿದ ಮಗುವು ತನ್ನ ನುಡಿಗೆ ನಾಚುವುದಿಲ್ಲ.

ಬಂಧುಗಳೆ, ನನ್ನ ಮಾತು ಮುಗಿಯುತ್ತ ಬಂದಿತು. ನೀರನ್ನು ಹಿಡಿದು ನಿಲ್ಲಿಸಲು ಎರಡು ಸರಕಾರಗಳು ಎರಡು ಕಲ್ಲುಗಳನ್ನಿಟ್ಟವು; ನಮ್ಮ ಜನರು ಮೂರು ಗಡಿಗಳನ್ನು ಅಳಿಸಿ ಅವನ್ನು ಒಂದೇ ನಾಡಿನ ಕಲ್ಲುಗಳನ್ನಾಗಿ ಮಾಡಿದರು. ಮುಂಬಯಿ ಇಲಾಖೆಯ ಗಡಿ ಅಳಿಯಿತು, ಮದ್ರಾಸಿನದು ಅಳಿಯಿತು, ಹೈದರಾಬಾದಿನದು ಅಳಿಯಿತು. ಒಂದು ಗಡಿ ಇನ್ನೂ ಉಳಿದಿದೆ. ಅದು ಪ್ರತಿಯೊಂದು ಹಳ್ಳಿಯಲ್ಲಿ, ಶಾಲೆಯ ಕಂಪೌಂಡಿಗೂ ಊರಿಗೂ ನಡುವೆ ಇದೆ. ಈಚೆಗೆ ನಿಂತ ತಾಯಿಯು ಒಳಗೆ ಬರಲು ಅಂಜುತ್ತಾಳೆ, ಆಚೆಗೆ ನಿಂತ ಮಾಸ್ತರರು ಹೊರಗೆ ಬರಲು ಬೇಸರಿಸುತ್ತಾರೆ. ಆ ಗಡಿಯನ್ನು ಅಳಿಸಲು ದಂಡು ಬೇಡ, ಆಯೋಗ ಬೇಡ. ಬರುವ ಅಮವಾಸ್ಯೆಯ ಸಂಜೆ ಒಂದು ಜಮಖ್ಖಾನೆ ಹಾಸಿದರೆ ಸಾಕು.

ಸಭೆಗೆ ಬರುವಾಗ ತಾಯಂದಿರೆ, ನಿಮ್ಮ ಮಗಳನ್ನೂ ಕರೆದುಕೊಂಡು ಬನ್ನಿರಿ. ಲೆಕ್ಕವನ್ನು ಆಕೆ ಓದಲಿ. ನೀವು ಕೇಳಿರಿ. ಸರಿ ಕಂಡರೆ ಸಹಿ ಮಾಡಿರಿ, ಸರಿ ಕಾಣದಿದ್ದರೆ ಪುಸ್ತಕವನ್ನು ತಿರುಗಿ ಕೊಡಿರಿ.

ಜಯ ಕರ್ನಾಟಕ.